‘ಡೌಟು’ ಅನ್ನೋ ಜಾಗಕ್ಕೆ ಇಂಗ್ಲಿಷಿನಲ್ಲಿ ಯಾವ ಪದ? ಡೌಟ್, ಸಸ್ಪೆಕ್ಟ್, ಕ್ವೆಶ್ಚನ್ – ಆರಿಸಿಕೊಳ್ಳುವ ಬಗೆ

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಹೊಸತು. ನಾವು ಪರೀಕ್ಷೆ ಮಾಡುತ್ತಿದ್ದ ಪ್ರೋಗ್ರಾಮ್ ಪದೇ ಪದೇ ನಿಂತುಹೋಗುತ್ತಿತ್ತು. ತಪ್ಪು ನಮ್ಮ ಕಡೆಯದಲ್ಲ, ಅಮೆರಿಕದ ತಂಡ ನೋಡಿಕೊಳ್ಳುವ ಸರ್ವರ್‌ನಲ್ಲೇ ಏನೋ ಇದೆ ಅನ್ನಿಸಿತು. ‘ಸರ್ವರ್‌ನಲ್ಲೇ ತೊಂದರೆ ಇದೆ ಅಂತ ಡೌಟು’ ಅಂದುಕೊಂಡೆ. ಅದನ್ನೇ ಇಂಗ್ಲಿಷಿಗೆ ಇಳಿಸಿ ಮೇಲ್ ಕಳಿಸಿದೆ: ‘ಐ ಡೌಟ್ ದಟ್ ದ ಪ್ರಾಬ್ಲಮ್ ಈಸ್ ಇನ್ ದ ಸರ್ವರ್.’ ರಾತ್ರಿ ಉತ್ತರ ಬಂತು. ತಿಳಿಸಿದ್ದಕ್ಕೆ ಥ್ಯಾಂಕ್ಸ್, ಹಾಗಾದರೆ ಸರ್ವರ್ ಬಿಟ್ಟು ಬೇರೆ ಕಡೆ ಹುಡುಕುತ್ತೇವೆ ಅಂತ. ಎರಡು ದಿನ ಬೇರೆ ಕಡೆಯೆಲ್ಲ ಹುಡುಕಿದರು. ತೊಂದರೆ ಇದ್ದದ್ದು ಸರ್ವರ್‌ನಲ್ಲೇ.

ನಾನು ಹೇಳಬೇಕಿದ್ದ ಮಾತಿಗೆ ನೇರ ಉಲ್ಟಾ ಬರೆದಿದ್ದೆ. ‘ಐ ಡೌಟ್’ ಅಂದರೆ ‘ಹಾಗಿರಲಿಕ್ಕಿಲ್ಲ’ ಅಂತ. ನನಗೆ ಬೇಕಿದ್ದದ್ದು ‘ಐ ಸಸ್ಪೆಕ್ಟ್’, ಅಂದರೆ ‘ಹಾಗೇ ಇರಬೇಕು’. ಗ್ರಾಮರ್ ಸರಿ ಇತ್ತು, ಸ್ಪೆಲ್ಲಿಂಗ್ ಸರಿ ಇತ್ತು. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಅಕ್ಷರ ತಪ್ಪಾಗಿದ್ದರೆ ಕಂಪ್ಯೂಟರ್ರೇ ಕೆಂಪು ಗೆರೆ ಎಳೆದು ತೋರಿಸುತ್ತಿತ್ತು. ಅರ್ಥ ತಿರುವುಮುರುವು ಆದರೆ ಗೆರೆ ಎಳೆಯುವವರು ಯಾರು?

ಕನ್ನಡದಲ್ಲಿ ನಮಗೆ ‘ಡೌಟು’ ಅನ್ನುವ ಒಂದೇ ಪದ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ತರಗತಿಯಲ್ಲಿ ಕೈ ಎತ್ತಿ ‘ಮಿಸ್, ಒಂದು ಡೌಟು’ ಅನ್ನುತ್ತೇವೆ. ಚಪ್ಪಲಿ ಕಳೆದುಹೋದರೆ ‘ಯಾಕೋ ಅವನ ಮೇಲೇ ಡೌಟು’ ಅನ್ನುತ್ತೇವೆ. ಸ್ಟಾಪಿನಲ್ಲಿ ಕಾದು ಕಾದು ಸಾಕಾಗಿ ‘ಇವತ್ತು ಬಸ್ ಬರೋದು ಡೌಟು’ ಅನ್ನುತ್ತೇವೆ. ಒಂದೇ ಪದ, ಮೂರು ಬೇರೆ ಬೇರೆ ಸಂಗತಿ. ಇಂಗ್ಲಿಷಿನವರು ಇವಕ್ಕೆ ಮೂರು ಪದ ಇಟ್ಟುಕೊಂಡಿದ್ದಾರೆ. ಮೊದಲನೆಯದಕ್ಕೆ ಕ್ವೆಶ್ಚನ್, ಎರಡನೆಯದಕ್ಕೆ ಸಸ್ಪೆಕ್ಟ್. ಮೂರನೆಯದಕ್ಕೆ ಮಾತ್ರ ಡೌಟ್.

ಹಾಗಂತ ನಾವೇನೂ ಗೊಂದಲದಲ್ಲಿಲ್ಲ. ಕನ್ನಡದಲ್ಲಿ ಮಾತಾಡುವಾಗ ಯಾರಿಗೂ ಎಡವಟ್ಟಾಗುವುದಿಲ್ಲ. ಪದ ಒಂದೇ ಆದರೂ ಮೂರನ್ನೂ ನಾವು ಬೇರೆ ಮಾಡಿಯೇ ಹೇಳುತ್ತೇವೆ. ಆ ಬೇರೆತನ ಇರುವುದು ಡೌಟು ಅನ್ನುವ ಪದದಲ್ಲಲ್ಲ, ಅದರ ಹಿಂದಿನ ಪದದ ಬಾಲದಲ್ಲಿ. ಇಂಗ್ಲಿಷಿಗೆ ದಾಟುವಾಗ ಆ ಬಾಲವನ್ನು ಇಲ್ಲೇ ಬಿಟ್ಟು ಹೋಗುವುದರಿಂದ ಎಡವಟ್ಟಾಗುತ್ತದೆ.

ಕೊಡೆ ಒಯ್ಯಬೇಕೋ ಬೇಡವೋ

ಈ ಎರಡು ವಾಕ್ಯ ಜೋರಾಗಿ ಓದಿ.

‘ಮಳೆ ಬರೋದು ಡೌಟು.’

‘ಮಳೆ ಬರೋ ಡೌಟಿದೆ.’

ನಡುವಿನ ಒಂದು ‘ದು’ ಬಿದ್ದುಹೋಗಿ ಕೊನೆಗೆ ಒಂದು ‘ಇದೆ’ ಸೇರಿತು ಅಷ್ಟೆ. ಮೊದಲನೆಯದನ್ನು ಕೇಳಿದವರು ಕೊಡೆ ಮನೆಯಲ್ಲೇ ಬಿಟ್ಟು ಹೊರಡುತ್ತಾರೆ. ಎರಡನೆಯದನ್ನು ಕೇಳಿದವರು ಕೊಡೆ ಹುಡುಕುತ್ತಾರೆ, ಜೊತೆಗೆ ಮಹಡಿ ಮೇಲೆ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಾರೆ. ಮೊದಲನೆಯದು ಇಂಗ್ಲಿಷಿನ ಡೌಟ್. ಎರಡನೆಯದು ಸಸ್ಪೆಕ್ಟ್.

ನಾನು ಈಗಲೂ ಮೇಲ್ ಬರೆಯುವಾಗ ಅನುಮಾನವಾದರೆ ಈ ಕೊಡೆ ಪರೀಕ್ಷೆಯನ್ನೇ ಮಾಡಿಕೊಳ್ಳುತ್ತೇನೆ. ಹೇಳಬೇಕಾದ ವಿಷಯ ನಿಜವಾಗಿಯೂ ಇದೆ, ಅದಕ್ಕೆ ತಯಾರಾಗಬೇಕು ಅಂತ ಮನಸ್ಸು ಹೇಳುತ್ತಿದೆಯಾ? ಹಾಗಾದರೆ ಸಸ್ಪೆಕ್ಟ್. ಅದು ಇರಲಿಕ್ಕಿಲ್ಲ, ತಲೆ ಕೆಡಿಸಿಕೊಳ್ಳುವುದು ಬೇಡ ಅಂತ ಹೇಳುತ್ತಿದೆಯಾ? ಹಾಗಾದರೆ ಡೌಟ್. ಸರ್ವರ್ ವಿಷಯದಲ್ಲಿ ನಾನು ಕೊಡೆ ಒಯ್ಯಲು ಹೇಳಬೇಕಿತ್ತು. ‘ಬಿಸಿಲಿದೆ, ಆರಾಮಾಗಿ ಹೋಗಿ’ ಅಂದುಬಿಟ್ಟೆ.

ಕನ್ನಡದ ಬಾಲ ನೋಡುವ ಅಭ್ಯಾಸ ಆದರೆ ಕೊಡೆಯೂ ಬೇಕಾಗುವುದಿಲ್ಲ. ‘ಬರೋದು ಡೌಟು’, ‘ಸಿಗೋದು ಡೌಟು’, ‘ಪಾಸಾಗೋದು ಡೌಟು’ ಹೀಗೆ ‘ಓದು’ ಅಂತ ಮುಗಿದ ಮೇಲೆ ಡೌಟು ಬಂದರೆ ಅಲ್ಲಿ ಇಂಗ್ಲಿಷಿನಲ್ಲೂ ಡೌಟ್. ‘ಐ ಡೌಟ್ ಹಿ ವಿಲ್ ಪಾಸ್.’ ಸರಿಯಾಗಿ ಕೂರುತ್ತದೆ. ಆದರೆ ‘ಅಂತ ಡೌಟು’, ‘ಮೇಲೆ ಡೌಟು’, ‘ಇರೋ ಡೌಟು’ ಎಂದಿದ್ದರೆ ಅಲ್ಲಿ ಸಸ್ಪೆಕ್ಟ್. ‘ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಡೌಟು’ ಅಂದರೆ ‘ಐ ಸಸ್ಪೆಕ್ಟ್ ದೇ ಹ್ಯಾಡ್ ಟಾಕ್ಡ್ ಬಿಫೋರ್’. ಇಲ್ಲಿ ಐ ಡೌಟ್ ಹಾಕಿದರೆ ‘ಅವರು ಪಾಪ, ಮಾತಾಡಿಕೊಂಡಿರಲಿಕ್ಕಿಲ್ಲ’ ಅಂತ ನೀವೇ ಅವರ ಪರ ವಕಾಲತ್ತು ಮಾಡಿದ ಹಾಗೆ.

ಇನ್ನೊಂದು ಬಗೆ ಇದೆ. ‘ಬರ್ತಾನೋ ಇಲ್ವೋ ಡೌಟು.’ ಇದು ತಕ್ಕಡಿ ಎರಡೂ ಕಡೆ ಸಮ ಇರುವ ಮಾತು. ಇದಕ್ಕೆ ತುಂಬ ಜನ ‘ಐ ಡೌಟ್’ ಅನ್ನುತ್ತಾರೆ. ಬಹುಶಃ ಅತಿ ಹೆಚ್ಚು ಜನ ಎಡವುವ ಜಾಗ ಇದೇ. ಇಂಗ್ಲಿಷಿನ ‘ಐ ಡೌಟ್’ ತಕ್ಕಡಿ ಸಮ ಇದೆ ಅನ್ನುವುದಿಲ್ಲ. ಅದು ‘ಇಲ್ಲ’ದ ಕಡೆಗೆ ವಾಲಿರುತ್ತದೆ. ನೀವು ಮದುವೆಗೆ ಬರುತ್ತೀರಾ ಅಂತ ಕೇಳಿದವರಿಗೆ ‘ಐ ಡೌಟ್ ಇಟ್’ ಅಂದರೆ ಅವರು ಊಟದ ಲೆಕ್ಕದಿಂದ ನಿಮ್ಮನ್ನು ತೆಗೆದುಹಾಕುತ್ತಾರೆ. ರಜೆ ಸಿಕ್ಕರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿಗೆ ‘ಐ ಆಮ್ ನಾಟ್ ಶೂರ್’ ಅನ್ನಬೇಕು. ಅದು ನಿಜಕ್ಕೂ ಸಮತೂಕದ ಮಾತು, ಯಾರಿಗೂ ನೋವೂ ಮಾಡುವುದಿಲ್ಲ. ಮೂರರಲ್ಲಿ ಯಾವುದು ಅಂತ ಹೊಳೆಯದೇ ಹೋದಾಗ ನಾನು ಕಣ್ಣುಮುಚ್ಚಿ ‘ನಾಟ್ ಶೂರ್’ ಹಾಕುತ್ತೇನೆ. ಅರ್ಥ ಒಂದಿಷ್ಟು ಸಪ್ಪೆಯಾಗಬಹುದು, ಉಲ್ಟಾ ಅಂತೂ ಆಗುವುದಿಲ್ಲ.

ಇಲ್ಲೊಂದು ತಮಾಷೆ ಹೇಳಲೇಬೇಕು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಅಂದರೆ ‘ಮಳೆ ಬರೋ ಹಾಗಿದೆ’ ಅಂತ ಅರ್ಥ. ಕೊಡೆ ಒಯ್ಯಬೇಕು! ಲಂಡನ್ನಿನವರು ಅದೇ ಮಾತು ಕೇಳಿ ಕೊಡೆ ಬಿಟ್ಟು ಹೊರಟು ತೊಪ್ಪೆಯಾಗುತ್ತಾರೆ. ಹಳೆಯ ಇಂಗ್ಲಿಷ್ ಬರವಣಿಗೆಯಲ್ಲೂ ಡೌಟ್ ಪದಕ್ಕೆ ‘ಹಾಗಾಗಿಬಿಡುತ್ತೇನೋ ಅಂತ ಭಯ’ ಅನ್ನುವ ಅರ್ಥ ಇತ್ತು. ಶೇಕ್ಸ್‌ಪಿಯರ್ ಕಾಲಕ್ಕೆ ಎರಡೂ ಅರ್ಥ ಓಡಾಡುತ್ತಿದ್ದವು. ಆಮೇಲೆ ಆ ಕೆಲಸವನ್ನು ಸಸ್ಪೆಕ್ಟ್ ಮತ್ತು ‘ಐ ಆಮ್ ಅಫ್ರೇಡ್’ ಹಂಚಿಕೊಂಡವು. ಸ್ಕಾಟ್ಲೆಂಡ್ ಮಾತ್ರ ಹಳೆಯದನ್ನು ಬಿಡಲಿಲ್ಲ. ಹಾಗಾಗಿ ಆ ದಿನ ನನ್ನ ಮೇಲ್ ಹೋಗಿದ್ದು ಅಮೆರಿಕಕ್ಕಲ್ಲ, ಸ್ಕಾಟ್ಲೆಂಡಿನ ಯಾವುದೋ ಅಜ್ಜನಿಗೆ ಅಂತ ಆಗಿದ್ದರೆ ಕೆಲಸ ಆಗಿಬಿಡುತ್ತಿತ್ತು.

ಕಂಬವೋ ಮನುಷ್ಯನೋ

ನಮ್ಮಲ್ಲಿ ಈ ಗೋಜಲು ಎಲ್ಲಿಂದ ಬಂತು ಅಂತ ಯೋಚಿಸಿದರೆ ಡೌಟು ಅನ್ನುವ ಬಾಡಿಗೆ ಪದವನ್ನು ಬೈದು ಪ್ರಯೋಜನವಿಲ್ಲ. ಅದು ಬಂದು ಕೂತದ್ದು ‘ಅನುಮಾನ’ದ ಜಾಗದಲ್ಲಿ. ಅನುಮಾನಕ್ಕೆ ಆಗಲೇ ಎರಡು ಮುಖ ಇದ್ದವು. ‘ಬರೋದು ಅನುಮಾನ’, ‘ಅವನ ಮೇಲೆ ಅನುಮಾನ’. ಡೌಟು ಅದೇ ಕುರ್ಚಿಯಲ್ಲಿ ಕೂತು ಅದೇ ಅಭ್ಯಾಸ ಕಲಿಯಿತು.

ಆದರೆ ಮೂಲದಲ್ಲಿ ಈ ಪದಗಳು ಇಷ್ಟೊಂದು ಕಲಸಿಹೋಗಿರಲಿಲ್ಲ. ನ್ಯಾಯಶಾಸ್ತ್ರದವರು (ಕೋರ್ಟಿನವರಲ್ಲ, ನಮ್ಮ ಹಳೆಯ ತರ್ಕಶಾಸ್ತ್ರದ ಪಂಡಿತರು) ‘ಸಂಶಯ’ ಮತ್ತು ‘ಅನುಮಾನ’ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು. ಸಂಶಯಕ್ಕೆ ಅವರು ಕೊಡುವ ಹೆಸರಾಂತ ಉದಾಹರಣೆ ಹೀಗಿದೆ. ಮಬ್ಬುಗತ್ತಲಲ್ಲಿ ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ. ಅದು ಕಂಬವೋ, ಮನುಷ್ಯನೋ? ಮನಸ್ಸು ಎರಡರ ನಡುವೆ ತೂಗಾಡುತ್ತದೆ. ಅದು ಸಂಶಯ. ಅನುಮಾನ ಅಂದರೆ ಹಾಗಲ್ಲ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇರಬೇಕು. ಕುರುಹು ನೋಡಿ ಕಾಣದ್ದನ್ನು ಊಹಿಸುವುದು. ಹಿಂದಿಯಲ್ಲಿ ಇವತ್ತಿಗೂ ಅನುಮಾನ್ ಅಂದರೆ ಅಂದಾಜು. ಹವಾಮಾನದ ಮುನ್ಸೂಚನೆಯನ್ನು ಅವರು ಪೂರ್ವಾನುಮಾನ್ ಅನ್ನುತ್ತಾರೆ. ಮೊದಲ ಸಲ ಹಿಂದಿ ವಾರ್ತೆಯಲ್ಲಿ ಅದನ್ನು ಕೇಳಿದಾಗ ಇವರಿಗೆ ಮಳೆಯ ಮೇಲೆ ಯಾಕಪ್ಪ ಅನುಮಾನ ಅಂದುಕೊಂಡಿದ್ದೆ.

ಕಂಬ-ಮನುಷ್ಯನ ಸಂಶಯದಂಥದ್ದೇ ಇಂಗ್ಲಿಷಿನ ಡೌಟ್‌ನ ಹುಟ್ಟು. ಅದರ ಬೇರು ಲ್ಯಾಟಿನ್ನಿನ ‘ದುಬಿತಾರೆ’. ಅದಕ್ಕೂ ‘ದುಓ’, ಅಂದರೆ ಎರಡು ಅನ್ನುವ ಪದಕ್ಕೂ ನಂಟು. ಜರ್ಮನ್ನರು ಸಂಶಯಕ್ಕೆ ‘ತ್ಸ್ವೈಫೆಲ್’ ಅನ್ನುತ್ತಾರೆ. ಅದರೊಳಗೂ ‘ತ್ಸ್ವೈ’ ಅಂದರೆ ಎರಡು ಕೂತಿದೆ. ನಾವೂ ‘ಎರಡು ಮನಸ್ಸು’ ಅನ್ನುತ್ತೇವಲ್ವಾ, ಹಾಗೆ. ಹುಟ್ಟು ಸಮತೂಕದ್ದಾದರೂ ‘ಐ ಡೌಟ್’ ಅನ್ನುವಾಗ, ಆಗಲೇ ಹೇಳಿದಂತೆ, ಅದು ‘ಇಲ್ಲ’ದ ಕಡೆಗೆ ವಾಲಿರುತ್ತದೆ.

ಹೊಗೆ-ಬೆಂಕಿಯ ಅನುಮಾನ ಸಸ್ಪೆಕ್ಟ್‌ನ ಕಡೆಯದು. ಸಸ್ಪೆಕ್ಟ್ ಕೂಡ ಲ್ಯಾಟಿನ್ನೇ. ಕೆಳಗಿನಿಂದ ಕಣ್ಣೆತ್ತಿ ನೋಡುವುದು ಅದರ ಮೊದಲ ಅರ್ಥ. ನಮ್ಮ ಊರಿನಲ್ಲಾದರೆ ಓರೆಗಣ್ಣಿನಲ್ಲಿ ನೋಡುವುದು ಅನ್ನಬಹುದು. ಒಂದು ಕುರುಹು ಕಂಡಿದೆ, ಬೆರಳು ಒಂದು ಕಡೆಗೆ ತೋರುತ್ತಿದೆ. ಇಲ್ಲಿ ಎರಡು ಮನಸ್ಸು ಇಲ್ಲ. ಒಂದೇ ಮನಸ್ಸು, ಸಾಕ್ಷಿ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ಹಾಗಾಗಿ ಡೌಟ್ ಅಂದಾಗ ಕಂಬ ನೆನಪಿಸಿಕೊಳ್ಳಿ, ಸಸ್ಪೆಕ್ಟ್ ಅಂದಾಗ ಹೊಗೆ ನೆನಪಿಸಿಕೊಳ್ಳಿ. ಇವತ್ತಿನ ಕನ್ನಡದಲ್ಲಿ ಸಂಶಯ, ಸಂದೇಹ, ಶಂಕೆ, ಗುಮಾನಿ, ಅನುಮಾನ ಎಲ್ಲ ಒಂದೇ ಬುಟ್ಟಿಯಲ್ಲಿವೆ. ಪತ್ರಿಕೆಯವರು ಮಾತ್ರ ‘ಶಂಕಿತ’ ಅನ್ನುವುದನ್ನು ಸಸ್ಪೆಕ್ಟ್‌ಗೆ ಅಂತಲೇ ಎತ್ತಿಟ್ಟಿದ್ದಾರೆ, ಅದು ಒಳ್ಳೆಯದೇ ಆಯಿತು. (ಲಘುಶಂಕೆಯ ವಿಷಯ ಬೇರೆ. ಅಲ್ಲಿ ಯಾವ ಡೌಟೂ ಇರುವುದಿಲ್ಲ.)

ಒಳಗೆ ಹಾಕಿದ್ದೂ ಅನುಮಾನ, ಬಿಟ್ಟದ್ದೂ ಅನುಮಾನ

ಈ ಎರಡರ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಕೋರ್ಟಿಗೆ ಹೋಗಬೇಕು. ಓದುಗರಾಗಿ ಹೋದರೆ ಸಾಕು.

ಪತ್ರಿಕೆಯಲ್ಲಿ ಓದುತ್ತೇವೆ, ‘ಅನುಮಾನದ ಮೇಲೆ ಬಂಧನ’. ಕೆಲವು ವರ್ಷ ಬಿಟ್ಟು ಅದೇ ಮನುಷ್ಯನ ಬಗ್ಗೆ ‘ಅನುಮಾನದ ಲಾಭ ನೀಡಿ ಬಿಡುಗಡೆ’. ಒಳಗೆ ಹಾಕಿದ್ದೂ ಅನುಮಾನ, ಹೊರಗೆ ಬಿಟ್ಟದ್ದೂ ಅನುಮಾನ! ಇಂಗ್ಲಿಷಿನಲ್ಲಿ ಮೊದಲನೆಯದು ಸಸ್ಪಿಶನ್, ಎರಡನೆಯದು ಡೌಟ್. ಸಸ್ಪಿಶನ್ ಆರೋಪಿಯ ಕಡೆಗೆ ಬೆರಳು ತೋರಿಸುತ್ತದೆ. ಡೌಟ್ ಆ ಬೆರಳನ್ನೇ ಪ್ರಶ್ನಿಸುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಆರೋಪವನ್ನು ‘ಬಿಯಾಂಡ್ ರೀಸನಬಲ್ ಡೌಟ್’ ಸಾಬೀತು ಮಾಡಬೇಕು. ಅಂದರೆ ತಿಳಿವಳಿಕೆ ಇರುವವರಿಗೆ ‘ಇವನು ಮಾಡಿರೋದು ಡೌಟು’ ಅನ್ನಲು ಜಾಗವೇ ಇರಬಾರದು. ಸಸ್ಪಿಶನ್ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯದ ಜಾಗದಲ್ಲಿ ನಿಲ್ಲಲಾರದು ಅನ್ನುವುದು ನಮ್ಮ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿರುವ ತತ್ವ. ಎರಡೂ ಪದಕ್ಕೆ ಅನುಮಾನ ಅಂತಲೇ ಹಾಕಿ ಈ ಮಾತನ್ನು ಕನ್ನಡಕ್ಕೆ ತಂದರೆ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ. ಒಂದಕ್ಕೆ ಶಂಕೆ, ಇನ್ನೊಂದಕ್ಕೆ ಸಂಶಯ ಅಂತ ಇಟ್ಟುಕೊಂಡರೆ ಎಷ್ಟೋ ವಾಸಿ.

ಕ್ರಿಕೆಟ್ಟಿನ ಬೆನಿಫಿಟ್ ಆಫ್ ಡೌಟ್ ಇದೇ ಸಾಲಿನದು. ಔಟ್ ಆಗಿರೋದು ಡೌಟು ಅನ್ನುವ ಹಾಗಿದ್ದರೆ ಬ್ಯಾಟ್ಸ್‌ಮನ್ ಉಳಿಯುತ್ತಿದ್ದ. ಈಗ ಅದರಲ್ಲಿ ಕ್ಯಾಮೆರಾ, ಅಂಪೈರ್ಸ್ ಕಾಲ್ ಎಲ್ಲ ಸೇರಿಕೊಂಡಿವೆ.

ಆಸ್ಪತ್ರೆಯಲ್ಲಿ ಈ ಪದಗಳು ಅದಲುಬದಲಾದರೆ ತಮಾಷೆಯಲ್ಲ. ಡಾಕ್ಟರು ‘ಡೆಂಗಿ ಡೌಟಿದೆ, ಬ್ಲಡ್ ಟೆಸ್ಟ್ ಮಾಡ್ಸಿ’ ಅನ್ನುತ್ತಾರೆ. ಬೇರೆ ದೇಶದಲ್ಲಿರುವ ಮಗನಿಗೆ ಅದನ್ನು ಇಂಗ್ಲಿಷಿನಲ್ಲಿ ಮೆಸೇಜ್ ಮಾಡುವವರು ‘ಡಾಕ್ಟರ್ ಡೌಟ್ಸ್ ಇಟ್ ಈಸ್ ಡೆಂಗಿ’ ಅಂತ ಬರೆದರೆ ಮಗ ಸಮಾಧಾನವಾಗಿ ಮಲಗುತ್ತಾನೆ. ಡೆಂಗಿ ಅಲ್ಲವಂತೆ ಅಂತ. ಬರೆಯಬೇಕಿದ್ದದ್ದು ‘ಡಾಕ್ಟರ್ ಸಸ್ಪೆಕ್ಟ್ಸ್ ಡೆಂಗಿ’. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಬರುವ ‘ಶಂಕಿತ ಪ್ರಕರಣ’ ಕೂಡ ಸಸ್ಪೆಕ್ಟೆಡ್ ಕೇಸ್. ಅನುಮಾನಾಸ್ಪದ ಸಾವು ಸಸ್ಪಿಶಿಯಸ್ ಡೆತ್. ಅದನ್ನು ಡೌಟ್‌ಫುಲ್ ಡೆತ್ ಅಂತ ಬರೆದರೆ ಸತ್ತಿರೋದೇ ಡೌಟು ಅಂತಾಗುತ್ತದೆ, ಪಾಪ.

ಡೌಟ್‌ಫುಲ್ ಸರಿಯಾಗಿ ಕೂರುವ ಜಾಗ ಬ್ಯಾಂಕು. ಸಾಲ ವಸೂಲಾಗದೆ ಎನ್‌ಪಿಎ ಆದ ಮೇಲೆ ಅದನ್ನು ಮೊದಲು ಸಬ್‌ಸ್ಟ್ಯಾಂಡರ್ಡ್ ಅನ್ನುತ್ತಾರೆ. ಆ ಗುಂಪಿನಲ್ಲೇ 12 ತಿಂಗಳು ಕಳೆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಅದು ಡೌಟ್‌ಫುಲ್ ಆಗುತ್ತದೆ. ದುಡ್ಡು ವಾಪಸ್ ಬರೋದು ಡೌಟು ಅಂತ. ಬಾಲ ನೋಡಿ, ‘ಬರೋದು’. ಲೆಕ್ಕ ತಪ್ಪುವುದಿಲ್ಲ.

‘ಸಾರ್, ನಂಗೊಂದು ಡೌಟು’

ಇನ್ನು ಉಳಿದದ್ದೊಂದು. ತರಗತಿಯ ಡೌಟು. ಇದನ್ನು ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅನ್ನುವುದು ತಪ್ಪಾ?

ನನ್ನ ಅಭಿಪ್ರಾಯ ಹೇಳುತ್ತೇನೆ. ಭಾರತದೊಳಗೆ ತಪ್ಪಲ್ಲ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲ ಮಕ್ಕಳೂ ಹೀಗೇ ಕೇಳುತ್ತಾರೆ, ಎಲ್ಲ ಮೇಷ್ಟ್ರಿಗೂ ಅರ್ಥವಾಗುತ್ತದೆ. ಕೋಚಿಂಗ್ ಸೆಂಟರಿನವರು ಡೌಟ್ ಕ್ಲಿಯರಿಂಗ್ ಸೆಷನ್ ಅಂತ ಬೋರ್ಡೇ ಹಾಕುತ್ತಾರೆ. ಒಂದು ಪದವನ್ನು ಇಷ್ಟು ಜನ ಇಷ್ಟು ಕಾಲ ಒಂದೇ ಅರ್ಥದಲ್ಲಿ ಬಳಸಿದರೆ ಅದು ಆ ಊರಿನ ಇಂಗ್ಲಿಷ್. ಸ್ಪ್ಯಾನಿಶ್ ಮಾತಾಡುವವರೂ ‘ತೆಂಗೋ ಉನಾ ದುದಾ’ ಅನ್ನುತ್ತಾರೆ, ಅಕ್ಷರಶಃ ನಂಗೊಂದು ಡೌಟು. ಅವರು ಇಂಗ್ಲಿಷ್ ಕಲಿಯುವಾಗಲೂ ಇದೇ ಕಡೆ ಎಡವುತ್ತಾರೆ. ಹಾಗಾಗಿ ನಾವು ಒಬ್ಬರೇ ಅಲ್ಲ.

ಆದರೆ ಹೊರಗಿನವರ ಕಿವಿಗೆ ಅದು ಬೇರೆ ಕೇಳಿಸುತ್ತದೆ. ಬ್ರಿಟನ್ನಿನವರಿಗೋ ಅಮೆರಿಕದವರಿಗೋ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಅಂದರೆ ‘ನಿಮ್ಮ ಡಿಸೈನ್ ಮೇಲೆ ನನಗೆ ನಂಬಿಕೆ ಇಲ್ಲ’ ಅಂತ ಕೇಳಿಸುತ್ತದೆ. ನೀವು ಕೇಳಬೇಕೆಂದಿದ್ದು ಬಟನ್ ಎಡಕ್ಕೋ ಬಲಕ್ಕೋ ಅಂತ. ಅವರು ಅಷ್ಟರಲ್ಲಿ ಮುಖ ಊದಿಸಿಕೊಂಡಿರುತ್ತಾರೆ. ಬಹುವಚನ ಇನ್ನೂ ಕಷ್ಟ. ‘ಐ ಹ್ಯಾವ್ ಮೈ ಡೌಟ್ಸ್’ ಅಂದರೆ ‘ಇದು ಆಗೋ ಹೋಗೋ ಮಾತಲ್ಲ’ ಅಂತ ಮುಖಕ್ಕೆ ಹೇಳಿದ ಹಾಗೆ. ಮೇಲ್ ಕೊನೆಗೆ ‘ಎನಿ ಡೌಟ್ಸ್ ಪ್ಲೀಸ್ ಕಾಲ್ ಮಿ’ ಅಂತ ಹಾಕುವ ಅಭ್ಯಾಸವೂ ನಮ್ಮಲ್ಲಿದೆ. ‘ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಫೋನ್ ಮಾಡಿ’ ಅಂತ ಅವರು ಓದಿಕೊಂಡರೆ ಕಷ್ಟ.

ಇಲ್ಲಿ ಆರಿಸಿಕೊಳ್ಳುವುದು ಸುಲಭ. ‘ಐ ಹ್ಯಾವ್ ಎ ಕ್ವೆಶ್ಚನ್.’ ಮುಗಿಯಿತು. ಕಣ್ಣುಮುಚ್ಚಿ ಬಳಸಬಹುದು. ಕೇಳಿದ್ದು ಅರ್ಥವಾಗದಿದ್ದರೆ ‘ಕುಡ್ ಯು ಕ್ಲ್ಯಾರಿಫೈ’ ಅನ್ನಬಹುದು, ಅದು ಮರ್ಯಾದೆಯ ಮಾತು. ಕ್ವೆರಿ ಅನ್ನುವುದು ಬ್ಯಾಂಕು, ಇನ್ಶೂರೆನ್ಸ್, ಕಚೇರಿ ಪತ್ರಕ್ಕೆ ಸರಿ. ಸ್ನೇಹಿತರ ಹತ್ತಿರ ‘ಐ ಹ್ಯಾವ್ ಎ ಕ್ವೆರಿ’ ಅಂದರೆ ಅರ್ಜಿ ಕೊಟ್ಟ ಹಾಗಿರುತ್ತದೆ. ಇಂಗ್ಲೆಂಡಿನವರು ಅದನ್ನು ‘ಕ್ವಿಯರಿ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಡೇಟಾಬೇಸ್ ಕೆಲಸ ಮಾಡುವವರು ದಿನವಿಡೀ ಕ್ವೆರಿ ಬರೆಯುತ್ತಾರಲ್ಲ, ಆ ಕೆಲಸದ ಭಾಷೆಯಾದ ಎಸ್‌ಕ್ಯೂಎಲ್‌ನ ಕ್ಯೂ ಇದೇ ಕ್ವೆರಿ. ಕಂಪ್ಯೂಟರ್ರಿಗೆ ಯಾವ ಉಚ್ಚಾರವಾದರೂ ಒಂದೇ.

ಒಂದು ಎಚ್ಚರ ಮಾತ್ರ ಬೇಕು. ‘ಕ್ವೆಶ್ಚನ್’ ನಾಮಪದವಾಗಿ ಸಾಧು, ಕ್ರಿಯಾಪದವಾದರೆ ಕೋಡು ಬರುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದ ಬಿಲ್’ ಅಂದರೆ ಕೇಳಿ ತಿಳಿದುಕೊಳ್ಳುವುದು. ‘ಐ ಕ್ವೆಶ್ಚನ್ ದ ಬಿಲ್’ ಅಂದರೆ ಬಿಲ್ಲೇ ಸುಳ್ಳು ಅಂತ ಜಗಳಕ್ಕೆ ನಿಂತಂತೆ. ಪೊಲೀಸರು ಯಾರನ್ನಾದರೂ ಕ್ವೆಶ್ಚನ್ ಮಾಡಿದರು ಅಂದರೆ ವಿಚಾರಣೆ ಮಾಡಿದರು ಅಂತ. ನಮ್ಮಲ್ಲೂ ಹಾಗೇ ಅಲ್ವಾ? ‘ಒಂದು ಪ್ರಶ್ನೆ’ ಅಂದರೆ ಸೌಮ್ಯ. ‘ನನ್ನನ್ನೇ ಪ್ರಶ್ನೆ ಮಾಡ್ತೀಯಾ’ ಅಂದರೆ ಮನೆಯಲ್ಲಿ ಪಾತ್ರೆ ಸದ್ದಾಗುವ ಹೊತ್ತು.

ಮನುಷ್ಯರ ಮೇಲೆ ಹಾಕುವಾಗ

‘ಅವನ ಮೇಲೆ ಡೌಟು’ ಅನ್ನುವುದನ್ನು ‘ಐ ಹ್ಯಾವ್ ಎ ಡೌಟ್ ಆನ್ ಹಿಮ್’ ಅನ್ನುವವರು ಬಹಳ. ಆ ‘ಮೇಲೆ’ಯೇ ‘ಆನ್’ ಆಗಿ ಹಾರಿಹೋಗಿರುತ್ತದೆ. ಇಂಗ್ಲಿಷಿನಲ್ಲಿ ಸುಮ್ನೆ ‘ಐ ಸಸ್ಪೆಕ್ಟ್ ಹಿಮ್’. ಏನು ಮಾಡಿದ್ದಾನೆ ಅಂತಲೂ ಹೇಳಬೇಕಿದ್ದರೆ ‘ಆಫ್’ ಬರುತ್ತದೆ, ‘ಫಾರ್’ ಅಲ್ಲ. ‘ದೇ ಸಸ್ಪೆಕ್ಟ್ ಹಿಮ್ ಆಫ್ ಸ್ಟೀಲಿಂಗ್.’

‘ಐ ಡೌಟ್ ಹಿಮ್’ ಅಂದರೆ ಬೇರೆ. ಅವನ ಮಾತನ್ನು ನಾನು ನಂಬುವುದಿಲ್ಲ, ಅಥವಾ ಅವನ ಕೈಲಾಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ ಅಂತ. ಮಗನನ್ನು ಡೌಟ್ ಮಾಡುವ ಅಪ್ಪ ‘ನೀನು ಈ ರ‍್ಯಾಂಕ್ ತೆಗೆಯೋದು ಅಷ್ಟರಲ್ಲೇ ಇದೆ’ ಅನ್ನುತ್ತಾನೆ. ಮಗನನ್ನು ಸಸ್ಪೆಕ್ಟ್ ಮಾಡುವ ಅಪ್ಪ ಅವನ ಜೇಬು ಮೂಸಿ ನೋಡುತ್ತಾನೆ. ಸೆಲ್ಫ್ ಡೌಟ್ ಅಂದರೆ ನಮ್ಮ ಮೇಲೆ ನಮಗೇ ನಂಬಿಕೆ ಸಾಲದಿರುವುದು.

ಸಸ್ಪಿಶಿಯಸ್ ಅನ್ನುವ ಪದಕ್ಕೆ ಎರಡು ಕಡೆ ಬಾಗಿಲು. ‘ಹಿ ಈಸ್ ಸಸ್ಪಿಶಿಯಸ್’ ಅಂದರೆ ಅವನಿಗೆ ಯಾರ ಮೇಲೋ ಅನುಮಾನ ಅಂತಲೂ ಆಗಬಹುದು, ಅವನೇ ಅನುಮಾನ ಹುಟ್ಟಿಸುವ ಆಸಾಮಿ ಅಂತಲೂ ಆಗಬಹುದು. ಮುಂದೆ ‘ಆಫ್’ ಇದ್ದರೆ ಮೊದಲನೆಯದು ಅಂತ ಗೊತ್ತಾಗುತ್ತದೆ. ನಮ್ಮ ‘ಅನುಮಾನದ ಮನುಷ್ಯ’ನಿಗೂ ಇದೇ ಗತಿ. ಡ್ಯೂಬಿಯಸ್ ಕೂಡ ಹಾಗೇ. ‘ಐ ಆಮ್ ಡ್ಯೂಬಿಯಸ್’ ಅಂದರೆ ನನಗೆ ನಂಬಿಕೆ ಬರುತ್ತಿಲ್ಲ, ‘ಡ್ಯೂಬಿಯಸ್ ಕಂಪನಿ’ ಅಂದರೆ ಗೋಲ್‌ಮಾಲ್ ಕಂಪನಿ.

ಚಿಲ್ಲರೆ ತಪ್ಪುಗಳು ಇನ್ನೂ ಇವೆ. ‘ಐ ಆಮ್ ಡೌಟಿಂಗ್’ ಅನ್ನಬೇಡಿ, ‘ಐ ಡೌಟ್’ ಸಾಕು. ‘ಬರಲ್ಲ ಅಂತ ಡೌಟು’ ಅನ್ನುವುದನ್ನು ಹಾಗೇ ಇಳಿಸಿ ‘ಐ ಡೌಟ್ ಹಿ ವೋಂಟ್ ಕಮ್’ ಅಂದರೆ ಬಂದೇ ಬರುತ್ತಾನೆ ಅಂತಾಗುತ್ತದೆ; ‘ಐ ಸಸ್ಪೆಕ್ಟ್ ಹಿ ವೋಂಟ್ ಕಮ್’ ಅಥವಾ ‘ಐ ಡೌಟ್ ಹಿ ವಿಲ್ ಕಮ್’ ಅನ್ನಿ. ‘ನೋ ಡೌಟ್’ ಕೇಳಲು ಭಾರಿ ಗಟ್ಟಿ ಅನ್ನಿಸಿದರೂ ಎಷ್ಟೋ ಸಲ ಅದು ಬರೀ ‘ಬಹುಶಃ’ ಅಷ್ಟೆ. ‘ನೋ ಡೌಟ್ ಯು ಆರ್ ಟಯರ್ಡ್’ ಅಂದರೆ ‘ಸುಸ್ತಾಗಿರಬೇಕು’ ಅಂತ ಮರ್ಯಾದೆಗೆ ಹೇಳುವ ಮಾತು. ನಮ್ಮ ‘ಡೌಟೇ ಬೇಡ’ ಅನ್ನುವ ಖಡಕ್ಕು ಬೇಕಿದ್ದರೆ ‘ವಿದೌಟ್ ಎ ಡೌಟ್’ ಅಥವಾ ‘ಡೆಫಿನೆಟ್ಲಿ’ ಹಾಕಬೇಕು. ಸಸ್ಪೆಕ್ಟ್ ಹೇಳುವಾಗ ಒತ್ತು ಎಲ್ಲಿ ಅನ್ನುವುದನ್ನೂ ನೋಡಿ. ಶಂಕಿಸುವುದಾದರೆ ‘ಪೆಕ್ಟ್’ ಮೇಲೆ, ಶಂಕಿತ ವ್ಯಕ್ತಿಯಾದರೆ ‘ಸಸ್’ ಮೇಲೆ.

ಡೌಟ್ ಸ್ಪೆಲ್ಲಿಂಗಿನ ನಡುವೆ ಒಂದು ‘ಬಿ’ ಸುಮ್ಮನೆ ಕೂತಿದೆಯಲ್ಲ, ಅದು ಮೊದಲು ಅಲ್ಲಿ ಇರಲಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದು ಬಿ ಇಲ್ಲದ ಪದ. ಆಮೇಲೆ ಲ್ಯಾಟಿನ್ ಪಂಡಿತರು ಮೂಲದಲ್ಲಿ ಇದ್ದದ್ದು ಇಲ್ಲೂ ಇರಲಿ ಅಂತ ತಂದು ತುರುಕಿದರು. ಸಾಲಕ್ಕೆ ಹೇಳುವ ಡೆಟ್ ಪದದ ಬಿ ಕೂಡ ಹೀಗೇ ಬಂದದ್ದು. ಜನ ಬರೆದರು, ಉಚ್ಚರಿಸಲಿಲ್ಲ. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕ ‘ಲವ್ಸ್ ಲೇಬರ್ಸ್ ಲಾಸ್ಟ್’ನಲ್ಲಿ ಒಬ್ಬ ಮೇಷ್ಟ್ರು ಬರುತ್ತಾನೆ. ಜನ ಡೌಟ್, ಡೆಟ್ ಎರಡರಲ್ಲೂ ಬಿ ನುಂಗುತ್ತಾರೆ ಅಂತ ಅವನಿಗೆ ಉರಿ. ನಮ್ಮ ಪಿಯುಸಿ ಕಾಮರ್ಸ್ ಮಕ್ಕಳು ‘ಡೌಟ್‌ಫುಲ್ ಡೆಟ್ಸ್’ ಅಂತ ಬರೆಯುವಾಗ ಎರಡು ಬಿ ಒಟ್ಟಿಗೆ ಮರೆತುಬಿಡುತ್ತಾರೆ. ಆ ಮೇಷ್ಟ್ರು ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ. ಕನ್ನಡದಲ್ಲಿ ಬರೆದರೆ ಆ ರಗಳೆಯೇ ಇಲ್ಲ.

ನಾಲ್ಕು ವಾಕ್ಯ ಕೈಗೆತ್ತಿಕೊಳ್ಳಿ

ಬಾಲ ನೋಡಿ, ಕೊಡೆ ನೋಡಿ, ನೀವೇ ಇಂಗ್ಲಿಷ್ ಮಾಡಿ.

‘ಈ ಹಾಲು ಒಡೆದಿದೆ ಅಂತ ಡೌಟು.’ ಹಾಲಿನಲ್ಲಿ ಕುರುಹು ಕಂಡಿದೆ, ಕಾಫಿಗೆ ಹಾಕುವುದಿಲ್ಲ. ಸಸ್ಪೆಕ್ಟ್.

‘ಈ ಸಂಬಳದಲ್ಲಿ ಬೆಂಗಳೂರಲ್ಲಿ ಸೈಟ್ ತಗೊಳ್ಳೋದು ಡೌಟು.’ ಡೌಟ್. ಡೌಟೇ ಇಲ್ಲ.

‘ಈ ಫಾರಮ್ಮಲ್ಲಿ ಮೂರನೇ ಕಾಲಮ್ ಬಗ್ಗೆ ಡೌಟು.’ ಇದು ಕೌಂಟರ್ ಮುಂದೆ ನಿಂತು ಕೇಳುವ ಮಾತು. ಕ್ವೆಶ್ಚನ್. ‘ಐ ಡೌಟ್ ದ ಥರ್ಡ್ ಕಾಲಮ್’ ಅಂದರೆ ಒಳಗಿರುವವರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

‘ಅವಳಿಗೆ ವಿಷಯ ಗೊತ್ತಾಗಿರೋ ಡೌಟು.’ ಇದನ್ನು ಒಂದು ಸಲ ‘ಗೊತ್ತಾಗಿರೋದು ಡೌಟು’ ಅಂತ ಓದಿ ನೋಡಿ, ಆಮೇಲೆ ಮತ್ತೆ ಹೀಗೇ ಓದಿ. ಹುಟ್ಟುಹಬ್ಬದ ಕೇಕನ್ನು ಫ್ರಿಜ್ಜಿನಲ್ಲೇ ಇಡಬೇಕೋ, ಪಕ್ಕದ ಮನೆಯಲ್ಲಿ ಬಚ್ಚಿಡಬೇಕೋ ಅನ್ನುವುದು ಆ ‘ದು’ ಮೇಲೆ ನಿಂತಿದೆ.